ನಲ್ಲಿ ನೀರನ್ನು ಬಿಯರ್‌ಗೆ ಹದ ಮಾಡುವುದು ಹೇಗೆ: ಗಡಸು ನೀರಿನ ಊರಲ್ಲಿರುವವರಿಗೆ ಸಮಗ್ರ ಮಾರ್ಗದರ್ಶಿ

ಲಂಡನ್ನಿನ ಯಾವ ಮನೆಯ ಕೆಟಲ್ ಒಳಗಾದರೂ ಇಣುಕಿ ನೋಡಿ. ತಳದಲ್ಲಿ ಬೂದು ಬಿಳಿ ಪದರ ಕಟ್ಟಿರುತ್ತದೆ, ಉಗುರಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮನೆಯಲ್ಲಿ ಬಿಯರ್ ಮಾಡುವವರಿಗೆ ತಲೆನೋವು ಕೊಡುವುದೂ ಇದೇ ಸುಣ್ಣ. ಒಳ್ಳೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ದುಬಾರಿ ಹಾಪ್ಸ್ (ಕಹಿ ಕೊಡುವ ಹೂವು), ಹೊಸ ಯೀಸ್ಟ್ ಎಲ್ಲಾ ಹಾಕಿದರೂ ತಿಳಿ ಬಣ್ಣದ ಪೇಲ್ ಏಲ್ ಯಾಕೋ ಮಂಕಾಗಿರುತ್ತದೆ, ಕಹಿ ನಾಲಿಗೆ ಮೇಲೆ ಒರಟಾಗಿ ಕೂರುತ್ತದೆ. ಅದೇ ನಲ್ಲಿಯ ನೀರಲ್ಲಿ ಮಾಡಿದ ಕಪ್ಪು ಬಣ್ಣದ ಸ್ಟೌಟ್ ಮಾತ್ರ ಸೊಗಸಾಗಿ ಬರುತ್ತದೆ. ಕೈಗುಣ ಅಲ್ಲ ಅದು, ನೀರಿನ ಗುಣ.

ಈ ಬರಹ ಇಂಗ್ಲೆಂಡಿನಲ್ಲಿರುವ ಕನ್ನಡಿಗರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು, ಅದರಲ್ಲೂ ಲಂಡನ್ ಮತ್ತು ಸುತ್ತಮುತ್ತಲಿನ ಗಡಸು ನೀರಿನವರಿಗೆ. ಬೇರೆ ಕಡೆ ಇರುವವರಿಗೂ ಲೆಕ್ಕ ಒಂದೇ, ಅಂಕಿಗಳು ಬೇರೆ. ಬ್ರಿಟನ್ನಿನಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ, ಮಾರುವ ಹಾಗಿಲ್ಲ ಅಷ್ಟೇ. ಅಮೆರಿಕದಲ್ಲಿ ಕೇಂದ್ರ ಸರ್ಕಾರ 1978ರ ಕಾಯ್ದೆಯಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಕರ್ನಾಟಕದಲ್ಲಿ ಮಾತ್ರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಊರಿಗೆ ಹೋದಾಗ ಅಲ್ಲಿ ಮಾಡಿ ತೋರಿಸುತ್ತೇನೆ ಅಂತ ಹೊರಡಬೇಡಿ.

ಇನ್ನೊಂದು ಮಾತು. ಡಬ್ಬಿಯಲ್ಲಿ ಬರುವ ಮಾಲ್ಟ್ ಎಕ್ಸ್‌ಟ್ರಾಕ್ಟ್ ಬಳಸುವವರಾದರೆ ನಿಮಗೆ ಮೊದಲ ಹೆಜ್ಜೆ ಸಾಕು. ಎಕ್ಸ್‌ಟ್ರಾಕ್ಟ್ ತಯಾರಿಸಿದವರ ನೀರಿನ ಲವಣಗಳು ಅದರಲ್ಲೇ ಇರುತ್ತವೆ, ಮ್ಯಾಶ್, ಅಂದರೆ ಮಾಲ್ಟನ್ನು ಬಿಸಿ ನೀರಲ್ಲಿ ನೆನೆಸುವ ಕೆಲಸವನ್ನೂ ಅವರೇ ಮುಗಿಸಿರುತ್ತಾರೆ. ಉಳಿದದ್ದೆಲ್ಲ ಕಾಳಿನಿಂದಲೇ ಶುರುಮಾಡುವವರಿಗೆ.

ಹೆಜ್ಜೆ 1: ಕ್ಲೋರಿನ್ ಓಡಿಸಿ

ಇದೊಂದನ್ನು ಮಾತ್ರ ಯಾರೂ ಬಿಡಬಾರದು. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಅಥವಾ ಕ್ಲೋರಮೈನ್, ಮಾಲ್ಟ್ ಮತ್ತು ಯೀಸ್ಟ್‌ನಿಂದ ಬರುವ ಫೀನಾಲ್‌ಗಳ ಜೊತೆ ಸೇರಿದರೆ ಕ್ಲೋರೋಫೀನಾಲ್ ಆಗುತ್ತದೆ. ಆಸ್ಪತ್ರೆ ವಾಸನೆ, ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ವಾಸನೆ. ಚೂರೇ ಚೂರು ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ, ಒಮ್ಮೆ ಬಂದರೆ ಹೋಗುವುದಿಲ್ಲ.

ಕ್ಲೋರಿನ್ ಆದರೆ ಕುದಿಸಿದರೆ ಹೋಗುತ್ತದೆ, ರಾತ್ರಿಯಿಡೀ ಪಾತ್ರೆ ತೆರೆದಿಟ್ಟರೂ ಬಹುಪಾಲು ಹೋಗುತ್ತದೆ. ಕ್ಲೋರಮೈನ್ ಹಾಗಲ್ಲ, ಹಟ ಹಿಡಿದು ಕೂರುತ್ತದೆ. ಲಂಡನ್ ಕಡೆ ಕ್ಲೋರಮೈನ್ ಬಳಕೆ ಇದೆ. ಹಾಗಾಗಿ ಕುದಿಸುವುದನ್ನು ನಂಬದೆ ಕ್ಯಾಮ್ಡೆನ್ ಮಾತ್ರೆ ಹಾಕಿ. ಅದರಲ್ಲಿರುವುದು ಸೋಡಿಯಂ ಅಥವಾ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್. 30 ಲೀಟರ್ ನೀರಿಗೆ ಅರ್ಧ ಮಾತ್ರೆ ಸಾಕು. ಎರಡು ಚಮಚದ ಮಧ್ಯೆ ಪುಡಿ ಮಾಡಿ, ನೀರಿಗೆ ಉದುರಿಸಿ, ಚೆನ್ನಾಗಿ ತಿರುಗಿಸಿ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮ್ಯಾಶ್ ನೀರು, ಆಮೇಲೆ ಕಾಳು ತೊಳೆಯುವ ಸ್ಪಾರ್ಜ್ ನೀರು, ಕೊನೆಯಲ್ಲಿ ಅಳತೆ ತುಂಬಿಸಲು ಮೇಲಿಂದ ಸುರಿಯುವ ನೀರು, ಮೂರಕ್ಕೂ ಇದು ಬೇಕು. ಕೊನೆಯದನ್ನು ಮರೆಯುವವರೇ ಜಾಸ್ತಿ.

ಒಂದು ಗೊಂದಲ ಇಲ್ಲೇ ತೀರಿಸಿಬಿಡೋಣ. ಕ್ಲೋರಿನ್ ಬೇರೆ, ಕ್ಲೋರೈಡ್ ಬೇರೆ. ಕ್ಲೋರಿನ್ ಕ್ರಿಮಿ ಕೊಲ್ಲಲು ಹಾಕುವ ವಿಷ, ಓಡಿಸಬೇಕು. ಕ್ಲೋರೈಡ್ ಅಡುಗೆ ಉಪ್ಪಿನಲ್ಲಿರುವಂಥದ್ದು, ಬಿಯರ್‌ಗೆ ಬೇಕಾದದ್ದು.

ಹೆಜ್ಜೆ 2: ನಿಮ್ಮ ನೀರಲ್ಲಿ ಏನಿದೆ ತಿಳಿಯಿರಿ

ನೀರಿನ ಕಂಪನಿಯ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ವರದಿ ಸಿಗುತ್ತದೆ. ಪುಟಗಟ್ಟಲೆ ಇರುತ್ತದೆ. ಕೀಟನಾಶಕ, ಸೀಸ, ಬ್ಯಾಕ್ಟೀರಿಯಾ ಎಲ್ಲಾ ಬಿಟ್ಟುಬಿಡಿ, ಅದು ಕುಡಿಯುವ ಸುರಕ್ಷತೆಗೆ. ನಮಗೆ ಬೇಕಾದದ್ದು ಆರೇ ಆರು: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಲ್ಫೇಟ್, ಕ್ಲೋರೈಡ್ ಮತ್ತು ಕ್ಷಾರತೆ, ಅಂದರೆ ಆಲ್ಕಲಿನಿಟಿ (ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ). ಈ ಬರಹದ ಅಂಕಿಗಳೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ. ಕ್ಷಾರತೆಯನ್ನು ಮಾತ್ರ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಹೇಳುವುದು ರೂಢಿ.

ವರದಿ ಓದುವಾಗ ಎಡವುವ ಜಾಗಗಳಿವೆ. ಗಡಸುತನವನ್ನು ಕಾರ್ಬೊನೇಟ್ ಲೆಕ್ಕದಲ್ಲಿ ಕೊಟ್ಟಿದ್ದರೆ 2.5ರಿಂದ ಭಾಗಿಸಿದರೆ ಸುಮಾರಾಗಿ ಕ್ಯಾಲ್ಸಿಯಂ ಸಿಗುತ್ತದೆ. ಕೆಲವು ಅಮೆರಿಕನ್ ಲ್ಯಾಬ್‌ಗಳು ಸಲ್ಫೇಟನ್ನು ಗಂಧಕದ ಲೆಕ್ಕದಲ್ಲಿ ಕೊಡುತ್ತವೆ, ಅದನ್ನು 3ರಿಂದ ಗುಣಿಸಬೇಕು. ಬೈಕಾರ್ಬೊನೇಟ್ ಅಂತ ಕೊಟ್ಟಿದ್ದರೆ 1.22ರಿಂದ ಭಾಗಿಸಿ, ಕ್ಷಾರತೆ ಬರುತ್ತದೆ.

ಬ್ರಿಟನ್ನಿನ ಎಷ್ಟೋ ವರದಿಗಳಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾದ ಕ್ಷಾರತೆಯೇ ಇರುವುದಿಲ್ಲ! ಅದಕ್ಕೆ ಎರಡು ದಾರಿ.

ಒಂದು, ಲೆಕ್ಕ ಹಾಕುವುದು. ನೀರಲ್ಲಿ ಧನ ಅಯಾನುಗಳೂ ಋಣ ಅಯಾನುಗಳೂ ಸಮ ಇರಲೇಬೇಕಲ್ವಾ, ಅದನ್ನೇ ಹಿಡಿದು ಹೋಗಬೇಕು. ಲಂಡನ್ ಕಡೆಯ ನೀರಿನ ಹಾಗಿರುವ ಒಂದು ಉದಾಹರಣೆ ತಗೊಳ್ಳೋಣ: ಕ್ಯಾಲ್ಸಿಯಂ 110, ಮೆಗ್ನೀಸಿಯಂ 5, ಸೋಡಿಯಂ 25, ಕ್ಲೋರೈಡ್ 40, ಸಲ್ಫೇಟ್ 50, ನೈಟ್ರೇಟ್ 25. ಕ್ಯಾಲ್ಸಿಯಂ ಅನ್ನು 20ರಿಂದ, ಮೆಗ್ನೀಸಿಯಂ ಅನ್ನು 12ರಿಂದ, ಸೋಡಿಯಂ ಅನ್ನು 23ರಿಂದ ಭಾಗಿಸಿ ಕೂಡಿ. ಸುಮಾರು 7 ಬರುತ್ತದೆ. ಆಚೆ ಕಡೆ ಕ್ಲೋರೈಡ್ ಅನ್ನು 35.5ರಿಂದ, ಸಲ್ಫೇಟನ್ನು 48ರಿಂದ, ನೈಟ್ರೇಟನ್ನು 62ರಿಂದ ಭಾಗಿಸಿ ಕೂಡಿದರೆ ಸುಮಾರು 2.5. ಕಳೆದರೆ ಉಳಿದದ್ದು 4.5, ಅದನ್ನು 50ರಿಂದ ಗುಣಿಸಿದರೆ 225. ಅದೇ ನಿಮ್ಮ ಕ್ಷಾರತೆ.

ಎರಡು, ಅಳೆಯುವುದು. ನಾನು ಹೇಳುವುದಾದರೆ ಇದೇ ಒಳ್ಳೆಯದು, ಯಾಕೆಂದರೆ ವರದಿ ವರ್ಷದ ಸರಾಸರಿ ಹೇಳುತ್ತದೆ, ನೀವು ಬಿಯರ್ ಮಾಡುವುದು ಇವತ್ತಿನ ನೀರಲ್ಲಿ. ಸಮುದ್ರದ ಮೀನು ಸಾಕುವವರಿಗಾಗಿ ಅಕ್ವೇರಿಯಂ ಅಂಗಡಿಯಲ್ಲಿ ಸಾಲಿಫರ್ಟ್ ಕೆಎಚ್ ಕಿಟ್ ಸಿಗುತ್ತದೆ. ಪುಟ್ಟ ಬಾಟಲಿಗೆ ಸಿರಿಂಜಿನಲ್ಲಿ 4 ಮಿಲಿ ನೀರು ಹಾಕಿ, ಕಿಟ್ ಹೇಳಿದಷ್ಟು ಹನಿ ಬಣ್ಣ ಬಿಡಿ, ನೀರು ನೀಲಿ ಹಸಿರಾಗುತ್ತದೆ. ಆಮೇಲೆ ಸಣ್ಣ ಸಿರಿಂಜಿನಿಂದ ಆಮ್ಲವನ್ನು ಹನಿ ಹನಿಯಾಗಿ ಬಿಡುತ್ತಾ ಬಾಟಲಿ ಅಲ್ಲಾಡಿಸುತ್ತಿರಿ. ತುಂಬ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಹನಿ ಬಿದ್ದ ಜಾಗದಲ್ಲಿ ಮಾತ್ರ ಗುಲಾಬಿ ಮೂಡಿ ಮಾಯವಾಗುತ್ತದೆ. ಅಲ್ಲಿಂದ ನಿಧಾನ ಮಾಡಿ. ಒಂದು ಹನಿಗೆ ಇಡೀ ನೀರು ಬಣ್ಣ ತಿರುಗಿ ಹಾಗೇ ನಿಂತರೆ ಮುಗಿಯಿತು. ಕಿಟ್ಟಿನ ಪಟ್ಟಿಯಲ್ಲಿ ಡಿಗ್ರಿ ಲೆಕ್ಕದ ಅಂಕಿ ಸಿಗುತ್ತದೆ, ಅದನ್ನು 17.9ರಿಂದ ಗುಣಿಸಿ.

ನೀರಿನ ಪಿಎಚ್ (ಇದು ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಎಷ್ಟು ಅಂತ ಕೇಳುತ್ತೀರಾ? ಅದು ಬೇಡವೇ ಬೇಡ. ನಲ್ಲಿ ನೀರಿನ ಪಿಎಚ್ 7 ಇರಲಿ 8 ಇರಲಿ, ಬಿಯರ್‌ಗೆ ಅದರಿಂದ ತಿಳಿಯುವಂಥದ್ದು ಏನೂ ಇಲ್ಲ. ನೋಡಬೇಕಾದದ್ದು ಮ್ಯಾಶ್‌ನ ಪಿಎಚ್.

ಹೆಜ್ಜೆ 3: ಕ್ಷಾರತೆ ಏನು ಮಾಡುತ್ತದೆ

ಮಾಲ್ಟನ್ನು ಬಿಸಿ ನೀರಲ್ಲಿ ನೆನೆಸುವುದೇ ಮ್ಯಾಶ್. ಆಗ ಮಾಲ್ಟ್‌ನ ಕಿಣ್ವಗಳು ಅದರ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಅವು ಚುರುಕಾಗಿ ಕೆಲಸ ಮಾಡಲು, ಬಿಯರ್ ರುಚಿ ಚೊಕ್ಕವಾಗಿರಲು ಮ್ಯಾಶ್‌ನ ಪಿಎಚ್ 5.2ರಿಂದ 5.6ರ ಒಳಗೆ ಇರಬೇಕು, ತಣಿಸಿ ಅಳೆದಾಗ. ಮಾಲ್ಟ್‌ನ ಫಾಸ್ಫೇಟ್ ಜೊತೆ ಕ್ಯಾಲ್ಸಿಯಂ ಸೇರಿ ಪಿಎಚ್ ಇಳಿಸುತ್ತದೆ. ಕ್ಷಾರತೆ ಅದನ್ನು ಮೇಲಕ್ಕೆ ಎಳೆಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಪಾಲು ಕಳೆದು ಎಷ್ಟು ಕ್ಷಾರತೆ ಮಿಕ್ಕಿದೆ ಅನ್ನುವುದನ್ನು ಲೆಕ್ಕ ಹಾಕಲು ಜರ್ಮನಿಯ ಪಾಲ್ ಕೋಲ್‌ಬಾಕ್ 1953ರಲ್ಲಿ ಒಂದು ಸೂತ್ರ ಕೊಟ್ಟರು. ಇವತ್ತಿಗೂ ಅದೇ ಆಧಾರ:

ಉಳಿಕೆ ಕ್ಷಾರತೆ = ಕ್ಷಾರತೆ − (ಕ್ಯಾಲ್ಸಿಯಂ ÷ 1.4) − (ಮೆಗ್ನೀಸಿಯಂ ÷ 1.7)

ನಮ್ಮ ಉದಾಹರಣೆಗೆ ಹಾಕಿ: 225 − 79 − 3 = 143. ಇದು ಜಾಸ್ತಿ. ಬಿಳಿ ಮಾಲ್ಟ್ ಮಾತ್ರ ಹಾಕುವ ಬಿಯರ್‌ಗೆ ಇದು ಸೊನ್ನೆಗಿಂತ ಕೆಳಗೆ ಇರಬೇಕು. ಆದರೆ ಹುರಿದ ಕಪ್ಪು ಮಾಲ್ಟ್‌ಗೆ ತನ್ನದೇ ಹುಳಿ ಇದೆ, ಅದು ಈ ಕ್ಷಾರತೆಯನ್ನು ತಿಂದುಹಾಕುತ್ತದೆ. ಲಂಡನ್ ಪೋರ್ಟರ್ ಎಂಬ ಕಡು ಬಣ್ಣದ ಬಿಯರ್‌ಗೆ, ಡಬ್ಲಿನ್ ಸ್ಟೌಟ್‌ಗೆ ಹೆಸರಾಗಿದ್ದು, ಉಪ್ಪೇ ಇಲ್ಲದಷ್ಟು ಮೃದು ನೀರಿನ, ಈಗಿನ ಚೆಕ್ ದೇಶದ ಪ್ಲ್ಜೆನ್ ಊರಲ್ಲಿ 1842ರಲ್ಲಿ ಚಿನ್ನದ ಬಣ್ಣದ ಪಿಲ್ಸ್‌ನರ್ ಹುಟ್ಟಿದ್ದು, ಇದರ ಹಿಂದೆ ನೀರಿನ ಕೈವಾಡ ದೊಡ್ಡದು. ನಮ್ಮ ದೇಶದ ಹೆಸರು ಹೊತ್ತ ಇಂಡಿಯಾ ಪೇಲ್ ಏಲ್ ಕಥೆಯೂ ಅಷ್ಟೇ. ಮೊದಲು ಲಂಡನ್ನಿನ ಹಾಜ್‌ಸನ್ ಕಂಪನಿ ಭಾರತಕ್ಕೆ ಆ ಬಿಯರ್ ಕಳಿಸುತ್ತಿತ್ತು. 1820ರ ದಶಕದಲ್ಲಿ ಇಂಗ್ಲೆಂಡಿನದೇ ಬರ್ಟನ್ ಊರಿನವರು ಕೈಹಾಕಿದರು. ಅವರ ಬಾವಿ ನೀರಲ್ಲಿ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಹೇರಳ, ಹಾಪ್ಸ್ ಕಹಿ ಅದರಲ್ಲಿ ಚುರುಕಾಗಿ, ಚೊಕ್ಕವಾಗಿ ಬರುತ್ತಿತ್ತು. ಮಾರುಕಟ್ಟೆ ಅವರ ಪಾಲಾಯಿತು.

ಹಾಗಂತ ಬರ್ಟನ್ ನೀರನ್ನೇ ಮನೆಯಲ್ಲಿ ಮಾಡಲು ಹೋಗಬೇಡಿ. ಅದರಲ್ಲಿ ಸಲ್ಫೇಟ್ 600 ದಾಟುತ್ತದೆ, ಸುಮ್ನೆ ಒಣ ಒಣ, ಖನಿಜದ ರುಚಿ. ಆ ಊರಿನ ನೀರು, ಈ ಊರಿನ ನೀರು ಅಂತ ಸಾಫ್ಟ್‌ವೇರ್‌ನಲ್ಲಿ ಬರುವ ಪಟ್ಟಿಗಳನ್ನು ಕುರುಡಾಗಿ ಹಿಂಬಾಲಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಊರಿನ ಬ್ರೂವರಿಯವರೂ ನೀರನ್ನು ಕುದಿಸಿ, ತಿದ್ದಿಯೇ ಬಳಸುತ್ತಿದ್ದರಲ್ವಾ.

ಹೆಜ್ಜೆ 4: ಕ್ಷಾರತೆ ಇಳಿಸುವ ದಾರಿಗಳು

ಸಾರಿಗೆ ಉಪ್ಪು ಹಾಕಿದ ಹಾಗೆ, ಲವಣ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಅದಕ್ಕೇ ಮೊದಲು ಇಳಿಸುವ ಕೆಲಸ, ಆಮೇಲೆ ಸೇರಿಸುವ ಕೆಲಸ.

ಕುದಿಸುವುದು ಹಳೆಯ ದಾರಿ. ಅರ್ಧ ಗಂಟೆ ಕುದಿಸಿ, ತಣಿಯಲು ಬಿಟ್ಟು, ತಳದ ಬಿಳಿ ಪುಡಿ ಕದಡದಂತೆ ಮೇಲಿನ ತಿಳಿ ಬಸಿದುಕೊಳ್ಳಿ. ಕೆಟಲ್‌ನಲ್ಲಿ ಆಗುವುದೂ ಇದೇ. ಕ್ಷಾರತೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆದರೆ 100 ಕ್ಷಾರತೆ ಹೋದರೆ ಜೊತೆಗೆ 40 ಕ್ಯಾಲ್ಸಿಯಂ ಕೂಡ ಹೋಗುತ್ತದೆ. ಕರೆಂಟ್ ಬಿಲ್ ನೋಡಿದರೆ ಇದು ಈಗಿನ ಕಾಲಕ್ಕಲ್ಲ.

ಬೆರೆಸುವುದು ಎಲ್ಲಕ್ಕಿಂತ ನಿರಾಳ. ಲವಣ ಸೋಸಿ ತೆಗೆದ ಆರ್‌ಒ ನೀರು ಅಕ್ವೇರಿಯಂ ಅಂಗಡಿಗಳಲ್ಲಿ ಕ್ಯಾನ್ ಲೆಕ್ಕದಲ್ಲಿ ಸಿಗುತ್ತದೆ. ಬ್ರಿಟನ್ನಿನಲ್ಲಿ ಬಹಳ ಜನ ಟೆಸ್ಕೋದ ಆಶ್‌ಬೆಕ್ ಬಾಟಲಿ ನೀರು ತರುತ್ತಾರೆ, ಅದರಲ್ಲಿ ಲವಣ ತೀರಾ ಕಡಿಮೆ. ಅರ್ಧಕ್ಕರ್ಧ ಬೆರೆಸಿದರೆ ಎಲ್ಲಾ ಅಂಕಿಗಳೂ ಅರ್ಧಕ್ಕೆ ಹತ್ತಿರ ಬರುತ್ತವೆ, ಲೆಕ್ಕ ಬಾಯಲ್ಲೇ ಆಗುತ್ತದೆ.

ಆಮ್ಲ ಹಾಕುವುದು ಮೂರನೆಯದು. 80 ಶೇಕಡಾ ಲ್ಯಾಕ್ಟಿಕ್ ಆಮ್ಲ 1 ಮಿಲಿ ಹಾಕಿದರೆ ಸುಮಾರು 530 ಮಿಲಿಗ್ರಾಂ ಕ್ಷಾರತೆ ಹೋಗುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. ನಮ್ಮ ಉದಾಹರಣೆಯ 32 ಲೀಟರ್ ನೀರಲ್ಲಿ 225 ಇರುವುದನ್ನು 25ಕ್ಕೆ ತರಬೇಕಾದರೆ 6,400 ಮಿಲಿಗ್ರಾಂ ತೆಗೆಯಬೇಕು, ಅಂದರೆ 12 ಮಿಲಿ ಆಮ್ಲ. ಬಿಯರ್‌ನಲ್ಲಿ ಲ್ಯಾಕ್ಟೇಟ್ 400 ದಾಟಿದರೆ ನಾಲಿಗೆಗೆ ಸಿಗುತ್ತದೆ ಎನ್ನುತ್ತಾರೆ. 12 ಮಿಲಿ ಹಾಕಿದರೆ ನೀವು ಆ ಗಡಿಯ ಮೇಲೇ ಇರುತ್ತೀರಿ. ಮೊಸರಿನ ಹುಳಿಯ ಎಳೆಯೊಂದು ಪೇಲ್ ಏಲ್‌ನಲ್ಲಿ ಯಾರಿಗೆ ಬೇಕು? ಹಾಗಾಗಿ ಬೆರೆಸಿದ ಮೇಲೆ ಮಿಕ್ಕಿದ್ದಕ್ಕೆ ಮಾತ್ರ ಲ್ಯಾಕ್ಟಿಕ್ ಇಟ್ಟುಕೊಳ್ಳಿ. ಫಾಸ್ಫೋರಿಕ್ ಆಮ್ಲಕ್ಕೆ ರುಚಿಯ ತೊಂದರೆ ಕಡಿಮೆ.

ಬ್ರಿಟನ್ನಿನವರಿಗೆ ಇನ್ನೊಂದು ಅನುಕೂಲ ಇದೆ, ಸಿಆರ್‌ಎಸ್ ಎನ್ನುವ ಬಾಟಲಿ. ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣ. ಲೀಟರಿಗೆ 1 ಮಿಲಿ ಹಾಕಿದರೆ ಕ್ಷಾರತೆ ಸುಮಾರು 180 ಇಳಿಯುತ್ತದೆ. ಜೊತೆಗೆ ಕ್ಲೋರೈಡ್ 64ರಷ್ಟು, ಸಲ್ಫೇಟ್ 88ರಷ್ಟು ಏರುತ್ತದೆ. ನಮ್ಮ ನೀರಿಗೆ ಲೀಟರಿಗೆ 1.1 ಮಿಲಿ ಹಾಕಿ ನೋಡಿ: ಕ್ಷಾರತೆ 25ರ ಹತ್ತಿರ, ಕ್ಲೋರೈಡ್ 110, ಸಲ್ಫೇಟ್ 147, ಕ್ಯಾಲ್ಸಿಯಂ ಇದ್ದ ಹಾಗೇ 110. ಬಿಟರ್ ಎನ್ನುವ ಇಂಗ್ಲಿಷ್ ಏಲ್‌ಗೆ ಇನ್ನೇನೂ ಸೇರಿಸಬೇಕಾಗಿಲ್ಲ! ಹಾಕಿ ತಿರುಗಿಸಿದಾಗ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ, ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬೈಕಾರ್ಬೊನೇಟ್ ಒಡೆದು ಗಾಳಿಯಾಗಿ ಹೋಗುವುದು ಅದು. ಗುಳ್ಳೆ ನಿಲ್ಲುವವರೆಗೆ ತಿರುಗಿಸಿ. ಯಾವ ಆಮ್ಲವಾದರೂ ಆಹಾರ ದರ್ಜೆಯದ್ದೇ ಇರಲಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಮನೆಗೆ ಕೂರಿಸಿರುವ ವಾಟರ್ ಸಾಫ್ಟನರ್ ನೀರು ಬೇಡ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ, ಕ್ಷಾರತೆ ಹಾಗೇ ಉಳಿಯುತ್ತದೆ. ಅಂದರೆ ಒಳ್ಳೆಯದು ಹೋಯಿತು, ಕೆಟ್ಟದ್ದು ಉಳಿಯಿತು. ಅಡುಗೆಮನೆಯಲ್ಲಿ ಸಾಫ್ಟನರ್‌ಗೆ ಸೇರದ ನಲ್ಲಿ ಒಂದು ಸಾಮಾನ್ಯವಾಗಿ ಇರುತ್ತದೆ, ಅದನ್ನು ಬಳಸಿ.

ಹೆಜ್ಜೆ 5: ಲವಣ ಸೇರಿಸುವುದು

0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಚಮಚದ ಅಳತೆ ನಂಬಬೇಡಿ.

10 ಲೀಟರ್ ನೀರಿಗೆ 1 ಗ್ರಾಂ ಹಾಕಿದರೆ ಏನೇನು ಏರುತ್ತದೆ:

- ಜಿಪ್ಸಮ್: ಕ್ಯಾಲ್ಸಿಯಂ 23, ಸಲ್ಫೇಟ್ 56
- ಕ್ಯಾಲ್ಸಿಯಂ ಕ್ಲೋರೈಡ್, ಡೈಹೈಡ್ರೇಟ್: ಕ್ಯಾಲ್ಸಿಯಂ 27, ಕ್ಲೋರೈಡ್ 48
- ಎಪ್ಸಮ್ ಉಪ್ಪು: ಮೆಗ್ನೀಸಿಯಂ 10, ಸಲ್ಫೇಟ್ 39
- ಅಡುಗೆ ಉಪ್ಪು, ಅಯೋಡಿನ್ ಇಲ್ಲದ್ದು: ಸೋಡಿಯಂ 39, ಕ್ಲೋರೈಡ್ 61
- ಅಡುಗೆ ಸೋಡಾ: ಸೋಡಿಯಂ 27, ಕ್ಷಾರತೆ 60

ಮೊದಲ ಎರಡರಲ್ಲೇ ಹೆಚ್ಚುಕಡಿಮೆ ಎಲ್ಲಾ ಕೆಲಸ ಮುಗಿಯುತ್ತದೆ. ಮೆಗ್ನೀಸಿಯಂ ಮಾಲ್ಟ್‌ನಲ್ಲೇ ಬೇಕಾದಷ್ಟಿದೆ. ಸೋಡಾ ಬೇಕಾಗುವುದು ಮೃದು ನೀರಲ್ಲಿ ಸ್ಟೌಟ್ ಮಾಡುವವರಿಗೆ, ಲಂಡನ್ನಿನವರಿಗಲ್ಲ.

ಸಲ್ಫೇಟ್ ಹಾಪ್ಸ್‌ನ ಕಹಿಯನ್ನು ಎತ್ತಿ ತೋರಿಸುತ್ತದೆ, ಬಿಯರ್ ಒಣಗಿದ ಹಾಗೆ ಮುಗಿಯುತ್ತದೆ. ಕ್ಲೋರೈಡ್ ಮಾಲ್ಟ್‌ಗೆ ಮೈ ತುಂಬುತ್ತದೆ, ದುಂಡಗಿನ ರುಚಿ ಕೊಡುತ್ತದೆ. ಕಹಿಯಾದ ಪೇಲ್ ಏಲ್‌ಗೆ ಸಲ್ಫೇಟ್ 150, ಕ್ಲೋರೈಡ್ 50 ಒಳ್ಳೆ ಶುರು. ಮಬ್ಬು ಮಬ್ಬಾಗಿ ಹಣ್ಣಿನ ರಸದ ಹಾಗಿರುವ ಐಪಿಎಗೆ (ಇಂಡಿಯಾ ಪೇಲ್ ಏಲ್) ಇದನ್ನು ತಿರುಗಿಸಿ, ಕ್ಲೋರೈಡ್ ಜಾಸ್ತಿ, ಸಲ್ಫೇಟ್ ಕಡಿಮೆ. ಅನುಪಾತದ ಹುಚ್ಚು ಮಾತ್ರ ಬೇಡ. ಸಲ್ಫೇಟ್ 15, ಕ್ಲೋರೈಡ್ 5 ಇದ್ದರೂ ಅನುಪಾತ ಮೂರೇ, ಆದರೆ ಅಷ್ಟರಲ್ಲಿ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ ಏಲ್‌ಗಳಿಗೆ 50ರಿಂದ ಮೇಲಿರಲಿ, ಯೀಸ್ಟ್ ಚೆನ್ನಾಗಿ ತಳಕ್ಕೆ ಕೂರುತ್ತದೆ, ಬಿಯರ್ ತಿಳಿಯಾಗುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಕುಡಿಯುತ್ತದೆ. ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ಬಿಳಿ ಹರಳು ಗಂಟು ಕಟ್ಟಿ, ಆಮೇಲೆ ಅಂಟು ನೀರಾಗುತ್ತದೆ. ಹಾಗಾದ ಮೇಲೆ ತಕ್ಕಡಿ ತೋರಿಸುವುದು ಲವಣದ ಜೊತೆ ನೀರಿನ ತೂಕವನ್ನೂ. ಗಾಳಿಯಾಡದ ಡಬ್ಬಿಯಲ್ಲಿಡಿ. ಜಿಪ್ಸಮ್ ಬಿಸಿ ನೀರಲ್ಲಿ ಬೇಗ ಕರಗುವುದಿಲ್ಲ, ತಣ್ಣೀರಲ್ಲೇ ಹಾಕಿ ತಿರುಗಿಸಿ.

ಪೂರ್ತಿ ಲೆಕ್ಕ ಒಂದು: 23 ಲೀಟರ್ ಪೇಲ್ ಏಲ್

5 ಕಿಲೋ ಮಾಲ್ಟ್, ಒಟ್ಟು 32 ಲೀಟರ್ ನೀರು. ಅರ್ಧ ನಲ್ಲಿ ನೀರು, ಅರ್ಧ ಆರ್‌ಒ. ಈಗ ಕ್ಯಾಲ್ಸಿಯಂ 55, ಕ್ಲೋರೈಡ್ 20, ಸಲ್ಫೇಟ್ 25, ಕ್ಷಾರತೆ 112. 80 ಶೇಕಡಾ ಲ್ಯಾಕ್ಟಿಕ್ 5 ಮಿಲಿ ಹಾಕಿದರೆ ಕ್ಷಾರತೆ 30ರ ಕೆಳಗೆ ಬರುತ್ತದೆ. 7 ಗ್ರಾಂ ಜಿಪ್ಸಮ್ ಹಾಕಿದರೆ ಸಲ್ಫೇಟ್ 147, ಕ್ಯಾಲ್ಸಿಯಂ 106. ಇನ್ನು 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಕ್ಲೋರೈಡ್ 50, ಕ್ಯಾಲ್ಸಿಯಂ 123. ಉಳಿಕೆ ಕ್ಷಾರತೆ ಸುಮಾರು −60. ಬಿಳಿ ಮಾಲ್ಟ್‌ಗೆ ಇದು ಹೊಂದುತ್ತದೆ.

ಇಡೀ 32 ಲೀಟರಿಗೂ ಒಟ್ಟಿಗೇ ಹಾಕಿ, ಆಮೇಲೆ ಮ್ಯಾಶ್‌ಗೆ ಬೇರೆ, ಸ್ಪಾರ್ಜ್‌ಗೆ ಬೇರೆ ಎತ್ತಿಟ್ಟುಕೊಳ್ಳಿ. ತಿದ್ದದ ಗಡಸು ನೀರಲ್ಲಿ ಸ್ಪಾರ್ಜ್ ಮಾಡಿದರೆ ಕೊನೆಕೊನೆಗೆ ಪಿಎಚ್ 6ರ ಹತ್ತಿರ ಏರಿ, ಹೊಟ್ಟಿನ ಒಗರು ಇಳಿದು ಬರುತ್ತದೆ. ಸ್ಟೌಟ್ ಮಾಡುವಾಗಲೂ ಇದು ಬೇಕು. ಮ್ಯಾಶ್‌ಗೆ ನಲ್ಲಿ ನೀರು ಹಾಗೇ ನಡೆಯಬಹುದು, ಸ್ಪಾರ್ಜ್ ನೀರಿಗೆ ಆಮ್ಲ ಹಾಕಿ.

ಮ್ಯಾಶ್ ದಿನ ಪಿಎಚ್ ಅಳೆಯುವುದು

ಮೀಟರನ್ನು ಆ ದಿನ ಬೆಳಿಗ್ಗೆಯೇ ಪಿಎಚ್ 4 ಮತ್ತು 7ರ ದ್ರಾವಣದಲ್ಲಿ ಸರಿಮಾಡಿಕೊಳ್ಳಿ. ಕಾಳು ಹಾಕಿ 15 ನಿಮಿಷ ಆದ ಮೇಲೆ ಒಂದು ಚಮಚ ರಸ ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿ, ಬಟ್ಟಲನ್ನು ತಣ್ಣೀರಲ್ಲಿ ಕೂರಿಸಿ, ಕೋಣೆಯ ಬಿಸಿಗೆ ಬಂದ ಮೇಲೆ ಅಳೆಯಿರಿ. ಬಿಸಿಯಲ್ಲೇ ಅದ್ದಿದರೆ ಸುಮಾರು 0.3 ಕಡಿಮೆ ತೋರಿಸುತ್ತದೆ, ಮೀಟರ್ ಕೂಡ ಬೇಗ ಹಾಳಾಗುತ್ತದೆ. ಮೀಟರಿನಲ್ಲಿ ತಾಪಮಾನ ಸರಿಪಡಿಸುವ ಸೌಲಭ್ಯ ಇದೆಯಲ್ಲ ಅನ್ನಬೇಡಿ. ಅದು ಮೀಟರಿನ ಕಡ್ಡಿಯ ತಪ್ಪನ್ನು ತಿದ್ದುತ್ತದೆಯೇ ಹೊರತು ರಸದ ಪಿಎಚ್ಚೇ ಬದಲಾಗುವುದನ್ನಲ್ಲ.

5.6 ದಾಟಿದ್ದರೆ 1 ಮಿಲಿ ಲ್ಯಾಕ್ಟಿಕ್ ಹಾಕಿ, ಕದಡಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. 5.5 ಇದ್ದರೆ ಕೈ ಕಟ್ಟಿ ಕೂತ್ಕೊಳ್ಳಿ. ಆ 0.1ಕ್ಕಾಗಿ ಒದ್ದಾಡುವಷ್ಟರಲ್ಲಿ ಕಿಣ್ವಗಳು ತಮ್ಮ ಕೆಲಸ ಬಹುಪಾಲು ಮುಗಿಸಿರುತ್ತವೆ. ಬಂದ ಅಂಕಿ ಬರೆದಿಟ್ಟುಕೊಂಡು ಮುಂದಿನ ಸಲಕ್ಕೆ ಆಮ್ಲ ಹೆಚ್ಚು ಕಡಿಮೆ ಮಾಡಿ.

ಸ್ಕಾಟ್ಲೆಂಡ್, ಅಥವಾ ಅಮೆರಿಕದ ಸಿಯಾಟಲ್, ಪೋರ್ಟ್‌ಲೆಂಡ್ ಕಡೆ ಇದ್ದೀರಾ? ನಿಮ್ಮ ನೀರು ಮೃದು. ನಾಲ್ಕನೇ ಹೆಜ್ಜೆ ಬಹುಪಾಲು ಬಿಟ್ಟು ನೇರ ಲವಣಕ್ಕೆ ಹೋಗಿ.

ಲವಣ ಎಷ್ಟು ಹಾಕಿದರೆ ನಿಮಗೆ ಹಿಡಿಸುತ್ತದೆ ಅನ್ನುವುದನ್ನು ಮುಗಿದ ಬಿಯರ್‌ನಲ್ಲೇ ನೋಡಬಹುದು. 10 ಮಿಲಿ ನೀರಿಗೆ 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದು 10 ಮಿಲಿ ನೀರಿಗೆ 1 ಗ್ರಾಂ ಎಪ್ಸಮ್ ಕರಗಿಸಿ. ಇಲ್ಲಿ ಜಿಪ್ಸಮ್ ಬೇಡ, ಅಷ್ಟು ಕಡಿಮೆ ನೀರಲ್ಲಿ ಕರಗುವುದಿಲ್ಲ. ಮೂರು ಲೋಟಕ್ಕೆ 500 ಮಿಲಿಯಂತೆ ಬಿಯರ್ ಸುರಿದು, ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಕ್ಲೋರೈಡ್ ನೀರು ಅರ್ಧ ಮಿಲಿ, ಅಲ್ಲಿಗೆ ಕ್ಲೋರೈಡ್ 48 ಏರಿತು. ಮೂರನೆಯದಕ್ಕೆ ಎಪ್ಸಮ್ ನೀರು ಅರ್ಧ ಮಿಲಿ, ಸಲ್ಫೇಟ್ 39 ಏರಿತು. ಯಾವ ಲೋಟ ಯಾವುದು ಅಂತ ನಿಮಗೆ ಗೊತ್ತಾಗದ ಹಾಗೆ ಮನೆಯವರಿಗೆ ಅದಲುಬದಲು ಮಾಡಲು ಹೇಳಿ, ಆಮೇಲೆ ಕುಡಿದು ನೋಡಿ.